ಕುದುರೆಯ ಕಾಲು ಮುರಿದರೆ

ಕುದುರೆಯನ್ನು ನೀವು ನೋಡಿದ್ದೀರಿ. ಎಲ್ಲಿ ನೋಡಿದ್ದೀರಿ? ನೆನಪು ಮಾಡಿಕೊಳ್ಳಿ.

ದೇವರ ಪಟದಲ್ಲಿ ನೋಡಿದ್ದೀರಿ. ಮೈಲಾರಲಿಂಗ ಕುದುರೆ ಏರಿ ಕೂತಿರುತ್ತಾನೆ. ವಯಸ್ಸಾದವರು ಟಾಂಗಾ ಕುದುರೆ ನೋಡಿದ್ದಾರೆ. ಒಂದು ಕಾಲಕ್ಕೆ ರೈಲು ಇಳಿದವರು ಟಾಂಗಾ ಹತ್ತಿ ಊರೊಳಗೆ ಬರುತ್ತಿದ್ದರು. ಈಗ ಆ ಕೆಲಸಕ್ಕೆ ಆಟೋ ಬಂದಿದೆ.

ಇನ್ನು ಕುರಿಗಾರರ ಕುದುರೆ. ಅದನ್ನು ನೋಡದವರು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಕಡಿಮೆ. ಹೊಲದ ಪೀಕು ಮನೆಗೆ ಬಂದ ಮೇಲೆ ಕುರಿಗಾರರು ಬರುತ್ತಾರೆ. ಮುಂದೆ ಕುರಿಮಂದೆ. ಪಕ್ಕಕ್ಕೆ ನಾಯಿ. ಹಿಂದೆ ಒಂದೋ ಎರಡೋ ಕುದುರೆ. ಕುದುರೆ ಬೆನ್ನ ಮೇಲೆ ಇಡೀ ಸಂಸಾರ ಇರುತ್ತದೆ. ಹಾಸಿಗೆ, ಕೌದಿ, ಕಂಬಳಿ, ಕೊಡ, ಗುಂಡಾಲಿ, ಜೋಳದ ಚೀಲ. ಮೊನ್ನೆ ಹುಟ್ಟಿದ ಕುರಿಮರಿ. ಕೆಲವು ಸಲ ಕೋಳಿ. ನಡೆಯಲು ಬಾರದ ಕೂಸು. ಹಗ್ಗ ಹಿಡಿದು ಮುಂದೆ ನಡೆಯುವವಳು ಹೆಚ್ಚಾಗಿ ಹೆಣ್ಣುಮಗಳೇ.

ಆ ಕುದುರೆ ಇಲ್ಲದಿದ್ದರೆ ಆ ಭಾರ ಯಾರ ತಲೆಯ ಮೇಲೆ ಬರುತ್ತದೆ? ನಿಮಗೆ ಗೊತ್ತಿದೆ. ನಾನು ಹೇಳಬೇಕಾಗಿಲ್ಲ.

ಒಂದು ಸಂಜೆ

ಹೀಗೊಂದು ಸಂಜೆ ಎಂದುಕೊಳ್ಳಿ. ಊರು ಯಾವುದಾದರೂ ಇರಲಿ. ಪುಣೆ-ಬೆಂಗಳೂರು ಹೆದ್ದಾರಿ ನಮ್ಮ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರಿನ ಬದಿಗೇ ಹೋಗುತ್ತದೆ. ಕುರಿಮಂದೆ ಈ ಕಡೆಯಿಂದ ಆ ಕಡೆಗೆ ದಾಟಬೇಕು. ಕುರಿ ದಾಟಿದವು. ನಾಯಿ ದಾಟಿತು. ಕುದುರೆ ದಾಟುವಾಗ ಒಂದು ಲಾರಿ ಬಂತು. ಹಾರ್ನ್ ಹಾಕಿತು. ಕುದುರೆ ಬೆದರಿತು. ಲಾರಿ ಅದರ ಮುಂಗಾಲಿಗೆ ಬಡಿದು ಹೋಯಿತು.

ಕುದುರೆ ರಸ್ತೆಯ ಬದಿಗೆ ಮೂರು ಕಾಲಿನ ಮೇಲೆ ನಿಂತಿದೆ. ಬಲ ಮುಂಗಾಲು ಮಂಡಿಯ ಕೆಳಗೆ ಜೋತು ಬಿದ್ದಿದೆ. ತೊಗಲು ಹರಿದು ಬಿಳಿ ಎಲುಬು ಕಾಣುತ್ತಿದೆ. ಮೈಯೆಲ್ಲ ಬೆವರು. ಮೂಗಿನ ಹೊಳ್ಳೆ ಅಗಲ ಆಗಿವೆ. ಕುರಿಗಾರರ ಹೆಣ್ಣುಮಗಳು ಅದರ ಕುತ್ತಿಗೆ ತಬ್ಬಿಕೊಂಡು ನಿಂತಿದ್ದಾಳೆ.

ಊರಿನ ನಾಲ್ಕು ಜನ ಸೇರಿದರು. ಒಬ್ಬ ಹುಡುಗ ಫೋನ್ ಮಾಡಿದ. ಪಶು ಡಾಕ್ಟರಮ್ಮ ಬಂದರು. ಕಾಲು ಮುಟ್ಟಿ ನೋಡಿದರು. ಗಾಯ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಯವ್ವಾ, ಇದು ಉಳಿಯೂದಿಲ್ಲ. ನೋವು ತಿನ್ನಿಸಿ ಇಡೂದಕ್ಕಿಂತ ಇಂಜೆಕ್ಷನ್ ಕೊಟ್ಟು ಮಲಗಿಸೂದು ಚಲೋ."

ಹೆಣ್ಣುಮಗಳು ಸಿಟ್ಟಾದಳು.

"ಕಾಲು ಮುರದರ ಸಾಯ್ತಾವೇನ್ರಿ ಅಕ್ಕಾರ? ಹೋದ ವರ್ಷ ನಮ್ಮ ಆಡಿನ ಕಾಲು ಮುರದಿತ್ತು. ಬಿದಿರಿನ ದಬ್ಬಿ ಇಟ್ಟು ಅರಿವಿ ಸುತ್ತಿ ಕಟ್ಟಿದ್ವಿ. ತಿಂಗಳಾಗೂದ್ರಾಗ ಜಿಗದಾಡಾಕ ಹತ್ತಿತು. ಇದಕ್ಕ ಯಾಕ ಕಟ್ಟಬಾರದು?"

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನಾವಾದರೂ ಅದನ್ನೇ ಕೇಳುತ್ತಿದ್ದೆವು. ಮನುಷ್ಯರ ಕಾಲು ಮುರಿದರೆ ಕೂಡುತ್ತದೆ. ಆಡಿನದು ಕೂಡುತ್ತದೆ. ನಾಯಿಯದು ಕೂಡುತ್ತದೆ. ಕುದುರೆಗೆ ಮಾತ್ರ ಏನು ತೊಂದರೆ?

ಒಂದು ಬೆರಳಿನ ಮೇಲೆ ನಿಂತ ಪ್ರಾಣಿ

ಪುಸ್ತಕ ಸ್ವಲ್ಪ ಕೆಳಗಿಡಿ. ಒಂದು ಆಟ ಆಡೋಣ.

ಬಲಗೈಯನ್ನು ನೆಲದ ಮೇಲೆ ಊರಿ. ಈಗ ಅಂಗೈ ಎತ್ತಿ. ಐದು ಬೆರಳಿನ ತುದಿಯ ಮೇಲೆ ಕೈ ನಿಲ್ಲಿಸಿ. ಹೆಬ್ಬೆರಳು ಎತ್ತಿ. ಕಿರುಬೆರಳು ಎತ್ತಿ. ಉಂಗುರದ ಬೆರಳು, ತೋರುಬೆರಳು ಎತ್ತಿ. ಈಗ ಉಳಿದದ್ದು ನಡುಬೆರಳು ಒಂದೇ. ಅದರ ಉಗುರು ನೆಲಕ್ಕೆ ತಾಗಿದೆ.

ಕುದುರೆ ನಿಲ್ಲುವುದು ಹೀಗೇ. ಅದರ ಗೊರಸು ಎಂದರೆ ಆ ನಡುಬೆರಳಿನ ಉಗುರು. ದಪ್ಪ ಉಗುರು, ಅಷ್ಟೇ. ಲಾಳ ಹೊಡೆಯುವುದು ಆ ಉಗುರಿಗೆ. ಅದಕ್ಕೇ ಲಾಳ ಹೊಡೆದರೆ ಕುದುರೆಗೆ ನೋವಾಗುವುದಿಲ್ಲ. ಕುದುರೆಯ ಮುಂಗಾಲಿನ ಮಂಡಿ ಎಂದು ನಾವು ಹೇಳುತ್ತೇವಲ್ಲ, ಅದು ನಿಜವಾಗಿ ಮಂಡಿ ಅಲ್ಲ. ಅದು ನಮ್ಮ ಮಣಿಕಟ್ಟು ಇದ್ದ ಹಾಗೆ. ಬಳೆ ತೊಡುವ ಜಾಗ.

ಈಗ ನಿಮ್ಮ ನಡುಬೆರಳನ್ನು ಹಿಸುಕಿ ನೋಡಿ. ಮೇಲೆ ತೊಗಲು. ಕೆಳಗೆ ನರ. ಅದರ ಕೆಳಗೆ ಎಲುಬು. ಮಾಂಸ ಎಷ್ಟಿದೆ? ಇಲ್ಲವೇ ಇಲ್ಲ ಅನ್ನುವಷ್ಟು. ಕುದುರೆಯ ಕಾಲೂ ಮಂಡಿಯ ಕೆಳಗೆ ಹಾಗೇ ಇದೆ. ಮಾಂಸವೆಲ್ಲ ಮೇಲೆ, ತೊಡೆಯಲ್ಲಿ, ಭುಜದಲ್ಲಿ. ಕೆಳಗೆ ಬರೀ ಎಲುಬು, ನರ, ತೊಗಲು. ಕಾಲು ಹಗುರ ಇದ್ದರೆ ಬೇಗ ಎತ್ತಿ ಇಡಬಹುದು. ಬೇಗ ಎತ್ತಿ ಇಟ್ಟರೆ ಜೋರಾಗಿ ಓಡಬಹುದು. ಹುಲಿ, ತೋಳ ಬೆನ್ನು ಹತ್ತಿದಾಗ ಓಡುವುದೇ ಕುದುರೆಗೆ ಇದ್ದ ಉಪಾಯ. ಅದಕ್ಕೆ ಕೊಂಬು ಇಲ್ಲ, ಉಗುರಿನ ಪಂಜ ಇಲ್ಲ.

ಓಡಲು ಒಳ್ಳೆಯದಾದ ಕಾಲು ಮುರಿದಾಗ ಕೆಟ್ಟದ್ದಾಗುತ್ತದೆ. ಯಾಕೆ? ಮುರಿದ ಎಲುಬು ಕೂಡಬೇಕಾದರೆ ರಕ್ತ ಬೇಕು. ಮೆಣಸಿನ ಗಿಡಕ್ಕೆ ನೀರು ಬೇಕಲ್ಲ, ಹಾಗೆ. ಎಲುಬಿನ ಸುತ್ತ ಮಾಂಸ ಇದ್ದರೆ ರಕ್ತ ಚೆನ್ನಾಗಿ ಹರಿದು ಬರುತ್ತದೆ. ಮಾಂಸ ಇಲ್ಲದ ಕಡೆ ರಕ್ತ ಕಡಿಮೆ. ಎಲುಬು ನಿಧಾನ ಕೂಡುತ್ತದೆ. ಕೆಲವು ಸಲ ಕೂಡುವುದೇ ಇಲ್ಲ.

ಇನ್ನೊಂದು ಮಾತು. ತೊಗಲು ತೆಳು ಇರುವುದರಿಂದ ಮುರಿದ ಎಲುಬು ಚುಚ್ಚಿಕೊಂಡು ಹೊರಗೆ ಬರುತ್ತದೆ. ರಸ್ತೆಯ ಮಣ್ಣು, ಸಗಣಿ, ಲದ್ದಿ ಗಾಯಕ್ಕೆ ಸೇರುತ್ತವೆ. ಗಾಯ ಕೀವಾಗುತ್ತದೆ. ಧನುರ್ವಾಯು ಎಂಬ ರೋಗ ಕೇಳಿದ್ದೀರಲ್ಲ? ಆ ರೋಗ ಕುದುರೆಗೆ ಬಹಳ ಬೇಗ ತಗಲುತ್ತದೆ. (ಅದರ ಬೀಜ ಕುದುರೆಯ ಲದ್ದಿಯಲ್ಲಿ, ಲದ್ದಿ ಬಿದ್ದ ಮಣ್ಣಿನಲ್ಲಿ ಇರುತ್ತದೆ. ಅಂಥ ಮಣ್ಣಿನಲ್ಲಿ ನಿಮ್ಮ ಕಾಲಿಗೆ ಮೊಳೆ ಚುಚ್ಚಿದರೆ ಅರಿಶಿಣ ಹಚ್ಚಿ ಸುಮ್ಮನಾಗಬೇಡಿ. ಆಸ್ಪತ್ರೆಗೆ ಹೋಗಿ ಟಿ.ಟಿ. ಸೂಜಿ ಮಾಡಿಸಿಕೊಳ್ಳಿ.)

ಎಲುಬು ಹೇಗೆ ಮುರಿಯುತ್ತದೆ ಎಂಬುದೂ ಮುಖ್ಯ. ಹಸಿ ಕಟ್ಟಿಗೆ ಮುರಿದರೆ ಬಾಗಿ ಎರಡು ತುಂಡಾಗುತ್ತದೆ. ಗಾಜಿನ ಬಳೆ ಒಡೆದರೆ? ಚೂರು ಚೂರು. ಕುದುರೆ ಓಡುವಾಗ ಒಂದು ಗಳಿಗೆ ಒಂದೇ ಕಾಲು ನೆಲದ ಮೇಲೆ ಇರುತ್ತದೆ. ಆಗ ಮೈ ತೂಕದ ಎರಡು ಪಟ್ಟಿಗಿಂತ ಹೆಚ್ಚು ಭಾರ ಆ ಕಾಲಿನ ಮೇಲೆ ಬೀಳುತ್ತದೆ. ಆ ಹೊತ್ತಿನಲ್ಲಿ ಎಲುಬು ಮುರಿದರೆ ಅದು ಬಳೆ ಒಡೆದ ಹಾಗೆ ಒಡೆಯುತ್ತದೆ. ಒಡೆದ ಬಳೆ ಜೋಡಿಸಿದವರನ್ನು ನಾನಂತೂ ನೋಡಿಲ್ಲ.

ಭಾರದ ಲೆಕ್ಕ

ಲೆಕ್ಕ ಕಲಿತಿದ್ದೀರಿ. ಒಂದು ಲೆಕ್ಕ ಮಾಡೋಣ.

ಆಡು ಎಷ್ಟು ತೂಗುತ್ತದೆ? 25 ಕಿಲೋ, 30 ಕಿಲೋ. ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ಒಂದು ಕಾಲು ಮುರಿದರೆ ಮೂರು ಕಾಲಿನ ಮೇಲೆ ಕುಂಟುತ್ತ ಹೋಗುತ್ತದೆ. ನಾಯಿಯೂ ಹಾಗೆ.

ಕುರಿಗಾರರ ಕುದುರೆ ಸಣ್ಣ ಜಾತಿಯದು. 200 ಕಿಲೋ ಎಂದು ಇಟ್ಟುಕೊಳ್ಳಿ. ಕುದುರೆಯ ತಲೆ, ಕುತ್ತಿಗೆ ಮುಂದಕ್ಕೆ ಇವೆ. ಆದ್ದರಿಂದ ಹಿಂಗಾಲಿಗಿಂತ ಮುಂಗಾಲಿನ ಮೇಲೆ ಭಾರ ಹೆಚ್ಚು. 100 ಕಿಲೋದಲ್ಲಿ ಸುಮಾರು 60 ಕಿಲೋ ಮುಂಗಾಲಿಗೆ ಬರುತ್ತದೆ. ಅಂದರೆ 200 ಕಿಲೋ ಕುದುರೆಗೆ 120 ಕಿಲೋ. ಎರಡು ಮುಂಗಾಲಿಗೆ ಹಂಚಿದರೆ ಒಂದೊಂದಕ್ಕೆ 60 ಕಿಲೋ.

ಈಗ ಒಂದು ಮುಂಗಾಲು ಮುರಿಯಿತು. ಉಳಿದ ಒಂದು ಮುಂಗಾಲಿನ ಮೇಲೆ ಎಷ್ಟು ಭಾರ ಬಿತ್ತು? 120 ಕಿಲೋ. ಮೊದಲಿನ ಎರಡು ಪಟ್ಟು. ಅದೂ ಒಂದೇ ಬೆರಳಿನ ಮೇಲೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಎಲುಬು ಕೂಡುವವರೆಗೆ ಮೂರು ನಾಲ್ಕು ತಿಂಗಳು.

ಬೆಂಗಳೂರು, ಮೈಸೂರಿನಲ್ಲಿ ರೇಸ್ ಓಡುವ ದೊಡ್ಡ ಕುದುರೆಗಳು 450, 500 ಕಿಲೋ ತೂಗುತ್ತವೆ. 50 ಕಿಲೋದ ಹತ್ತು ಚೀಲದಷ್ಟು. ಅವುಗಳ ಲೆಕ್ಕ ನೀವೇ ಮಾಡಿ ನೋಡಿ.

"ಮಲಗಿಸಿ ಇಟ್ರ ಆಗೂದಿಲ್ಲೇನ್ರಿ?"

ನಮ್ಮ ಕಾಲು ಮುರಿದರೆ ಡಾಕ್ಟರು ಹಾಸಿಗೆಯಲ್ಲಿ ಮಲಗು ಎನ್ನುತ್ತಾರೆ. ಕುದುರೆಯನ್ನೂ ಮೂರು ತಿಂಗಳು ಮಲಗಿಸಿ ಇಡಬಹುದಲ್ಲ? ಕುರಿಗಾರರ ಹೆಣ್ಣುಮಗಳು ಇದನ್ನೂ ಕೇಳಿದಳು.

ಆಗುವುದಿಲ್ಲ. ಕುದುರೆ ನಿಂತು ಬದುಕುವ ಪ್ರಾಣಿ. ರಾತ್ರಿಯೂ ಹೆಚ್ಚು ಹೊತ್ತು ನಿಂತೇ ತೂಕಡಿಸುತ್ತದೆ. ಅದರ ಕಾಲಿನ ನರಗಳಲ್ಲಿ ಬಾಗಿಲಿಗೆ ಚಿಲಕ ಹಾಕಿದ ಹಾಗೆ ಒಂದು ವ್ಯವಸ್ಥೆ ಇದೆ. ಅದರಿಂದ ದಣಿವಿಲ್ಲದೆ ನಿಲ್ಲುತ್ತದೆ. ಮಲಗುವುದು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ.

ಬಹಳ ಹೊತ್ತು ಮಲಗಿದರೆ ಅದರ ಭಾರವೇ ಅದಕ್ಕೆ ಶತ್ರು. ಕೆಳಗಿನ ಕಡೆಯ ಪುಪ್ಪಸ ಒತ್ತಿಕೊಂಡು ಉಸಿರು ಸಾಲದು. ಕೆಳಗಿನ ಮಾಂಸಕ್ಕೆ ರಕ್ತ ಹೋಗದೆ ಅದು ಸಾಯುತ್ತದೆ. ಮೈಮೇಲೆ ಹುಣ್ಣಾಗುತ್ತವೆ. ಹಾಸಿಗೆ ಹಿಡಿದ ಮುದುಕರಿಗೆ ಬೆನ್ನಲ್ಲಿ ಹುಣ್ಣಾಗುವುದನ್ನು ನೀವು ನೋಡಿರಬಹುದು. ಅವರ ಸೇವೆ ಮಾಡಿದವರೂ ನಿಮ್ಮಲ್ಲಿ ಇದ್ದೀರಿ. ಮುದುಕರನ್ನು ಮಗ್ಗಲು ಬದಲಿಸಿ ಮಲಗಿಸಬಹುದು. ಕುದುರೆಯನ್ನು ಯಾರು ಹೊರಳಿಸಬೇಕು? ಕುದುರೆಯ ಹೊಟ್ಟೆಯೂ ನಾಜೂಕು. ನಡೆದಾಡದಿದ್ದರೆ ಕರುಳಿನ ಕೆಲಸ ನಿಧಾನ ಆಗುತ್ತದೆ. ಹೊಟ್ಟೆನೋವು ಬರುತ್ತದೆ. ಆ ಹೊಟ್ಟೆನೋವಿನಿಂದಲೇ ಕುದುರೆ ಸಾಯಬಹುದು. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ.

ಎತ್ತು, ಎಮ್ಮೆ, ಆಕಳ ಮಾತು ಬೇರೆ. ಅವು ದಿನದಲ್ಲಿ ಹತ್ತು ತಾಸು ಮಲಗಿ ಮೆಲುಕು ಹಾಕುತ್ತವೆ. ಮಲಗುವುದು ಅವಕ್ಕೆ ರೂಢಿ. ಸ್ವಭಾವವೂ ಶಾಂತ. ಅದಕ್ಕೇ ಕರುವಿನ ಕಾಲು ಮುರಿದರೆ ಪ್ಲಾಸ್ಟರ್ ಹಾಕಿ ಉಳಿಸುತ್ತಾರೆ. ದೊಡ್ಡ ದನದ ಮಂಡಿಯ ಕೆಳಗಿನ ಎಲುಬೂ ಎಷ್ಟೋ ಸಲ ಕೂಡುತ್ತದೆ. ದೀಪಾವಳಿಗೆ ನಮ್ಮ ಕಡೆ ಕೊಬ್ಬರಿ ಹೋರಿ ಓಡಿಸುತ್ತಾರೆ. ಹೋರಿ ಬಿದ್ದು ಕಾಲಿಗೆ ಪೆಟ್ಟಾದರೆ ಕೂಡಲೇ ಕೈಬಿಡಬೇಡಿ. ಡಾಕ್ಟರಿಗೆ ತೋರಿಸಿ. ಆದರೆ ತೊಡೆಯ ಎಲುಬು ಮುರಿದರೆ ದೊಡ್ಡ ದನಕ್ಕೂ ಕಷ್ಟವೇ.

ಕುದುರೆಯನ್ನು ದೊಡ್ಡ ಪಟ್ಟಿಯಲ್ಲಿ ತೊಟ್ಟಿಲಿನ ಹಾಗೆ ತೂಗು ಹಾಕಿ ನಿಲ್ಲಿಸುವ ಉಪಾಯವನ್ನೂ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಅದೂ ಎಲ್ಲ ಕುದುರೆಗೆ ಒಗ್ಗುವುದಿಲ್ಲ. ಪಟ್ಟಿ ತಾಗಿದ ಕಡೆ ಹುಣ್ಣಾಗುತ್ತದೆ. ಕೆಲವು ಕುದುರೆ ಹೆದರಿ ಒದ್ದಾಡುತ್ತವೆ.

ಈ ಹೆದರಿಕೆ ಸಣ್ಣ ಮಾತಲ್ಲ. ನೋವಾದಾಗ ಕುದುರೆಗೆ ಗೊತ್ತಿರುವುದು ಒಂದೇ. ಓಡಬೇಕು. "ಸುಮ್ಮನಿರು, ನಿನ್ನ ಒಳ್ಳೇದಕ್ಕೇ ಕಟ್ಟಿದ್ದೇವೆ" ಎಂದು ಮಕ್ಕಳಿಗೆ ಹೇಳಬಹುದು. ಕುದುರೆಗೆ ಹೇಳಲಾಗುವುದಿಲ್ಲ. 1975ರಲ್ಲಿ ಅಮೆರಿಕದಲ್ಲಿ ರಫಿಯನ್ ಎಂಬ ಹೆಸರಾಂತ ಹೆಣ್ಣು ಕುದುರೆ ಇತ್ತು. ಜುಲೈ 6ರಂದು ರೇಸ್ ಓಡುವಾಗ ಅದರ ಮುಂಗಾಲು ಮುರಿಯಿತು. ಡಾಕ್ಟರುಗಳು ಆಪರೇಷನ್ ಮಾಡಿ ಕಟ್ಟು ಹಾಕಿದರು. ಮತ್ತು ಇಳಿದು ಎಚ್ಚರ ಆಗುವಾಗ ಅದು ಇನ್ನೂ ರೇಸಿನಲ್ಲಿ ಇದ್ದ ಹಾಗೆ ಕಾಲು ಬಡಿಯಿತು. ಕಟ್ಟು ಒಡೆದು ಹೋಯಿತು. ಎಲುಬು ಮತ್ತೆ ಮುರಿಯಿತು. ಕೊನೆಗೆ ಅದನ್ನು ಮಲಗಿಸಬೇಕಾಯಿತು.

ಒಳ್ಳೆಯ ಕಾಲೇ ಕೆಟ್ಟಿತು

ಇನ್ನೊಂದು ಕುದುರೆಯ ಕಥೆ ಹೇಳುತ್ತೇನೆ. ಇದು ಸ್ವಲ್ಪ ಉದ್ದ. ಆದರೆ ಇದನ್ನು ತಿಳಿದರೆ ಉಳಿದದ್ದು ತಿಳಿದ ಹಾಗೆ.

ಇದೂ ಅಮೆರಿಕದ ರೇಸ್ ಕುದುರೆ. ಹೆಸರು ಬಾರ್ಬರೋ. 2006ರ ಮೇ 20ರಂದು ರೇಸ್ ಶುರು ಆದ ಸ್ವಲ್ಪ ಹೊತ್ತಿಗೆ ಅದರ ಬಲ ಹಿಂಗಾಲು ಮುರಿಯಿತು. ಎಲುಬು 20ಕ್ಕಿಂತ ಹೆಚ್ಚು ಚೂರಾಗಿತ್ತು. ಮಾಲೀಕರಿಗೆ ಹಣ ಇತ್ತು. ಕುದುರೆಯ ಮೇಲೆ ಜೀವ ಇತ್ತು. ಉಳಿಸಿಯೇ ತೀರಬೇಕು ಎಂದರು. ಅಲ್ಲಿನ ದೊಡ್ಡ ಪಶು ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರುಗಳು ಲೋಹದ ಪಟ್ಟಿ ಇಟ್ಟು, ಸ್ಕ್ರೂ ಬಿಗಿದು ಚೂರುಗಳನ್ನು ಜೋಡಿಸಿದರು. ಎಚ್ಚರ ಆಗುವಾಗ ಒದ್ದಾಡಬಾರದೆಂದು ಅದನ್ನು ನೀರಿನ ತೊಟ್ಟಿಯಲ್ಲಿ ತೇಲಿಸಿ ಎಬ್ಬಿಸಿದರು. ನೀರಿನಲ್ಲಿ ಕಾಲು ಬಡಿದರೂ ಪೆಟ್ಟಾಗುವುದಿಲ್ಲ. ನೋಡಿ, ಎಂಥ ಉಪಾಯ!

ಮುರಿದ ಕಾಲು ಕೂಡತೊಡಗಿತು. ಜನರಿಗೆ ಖುಷಿ ಆಯಿತು. ಆದರೆ ಜುಲೈ ತಿಂಗಳಲ್ಲಿ ಎಡ ಹಿಂಗಾಲು, ಅಂದರೆ ಗಟ್ಟಿಯಾಗಿದ್ದ ಕಾಲು, ಕೆಟ್ಟಿತು.

ಯಾಕೆ ಕೆಟ್ಟಿತು? ಗೊರಸಿನ ಒಳಗೆ ಒಂದು ಎಲುಬು ಇದೆ. ಎಲುಬಿಗೂ ಗೊರಸಿಗೂ ನಡುವೆ ತೆಳು ತೆಳು ಪದರುಗಳಿವೆ. ಸುಮಾರು 600 ಪದರು. ನಿಮ್ಮ ಹತ್ತಿರ ಎರಡು ಪುಸ್ತಕ ಇದ್ದರೆ ಹೀಗೆ ಮಾಡಿ. ಒಂದರ ಹಾಳೆಗಳ ನಡುವೆ ಇನ್ನೊಂದರ ಹಾಳೆಗಳನ್ನು ಒಂದೊಂದಾಗಿ ಸೇರಿಸಿ. ಆಮೇಲೆ ಎರಡನ್ನೂ ಎಳೆಯಿರಿ. ಬಿಡುವುದಿಲ್ಲ. ಎಲುಬು ಮತ್ತು ಗೊರಸು ಹಾಗೆ ಹಿಡಿದುಕೊಂಡಿರುತ್ತವೆ. ಕುದುರೆಯ ಭಾರವೆಲ್ಲ ಈ ಪದರುಗಳ ಹಿಡಿತದಲ್ಲಿ ತೂಗುತ್ತಿರುತ್ತದೆ.

ಈ ಪದರುಗಳಿಗೂ ರಕ್ತ ಬೇಕು. ಕುದುರೆ ಕಾಲು ಎತ್ತಿ ಇಟ್ಟಾಗಲೆಲ್ಲ ರಕ್ತ ಒಳಗೆ ಹೊರಗೆ ಆಡುತ್ತದೆ. ಬೋರಿನ ಹ್ಯಾಂಡ್ ಪಂಪು ಒತ್ತಿದ ಹಾಗೆ. ಒಂದು ಕಾಲು ಮುರಿದಾಗ ಜೊತೆಯ ಕಾಲನ್ನು ಕುದುರೆ ಎತ್ತುವುದೇ ಇಲ್ಲ. ಹಗಲೂ ರಾತ್ರಿ ಅದರ ಮೇಲೇ ಭಾರ ಹಾಕುತ್ತದೆ. ಪಂಪು ನಿಲ್ಲುತ್ತದೆ. ರಕ್ತ ಸಿಗದೆ ಪದರುಗಳು ಸಾಯುತ್ತವೆ. ಹಿಡಿತ ಬಿಡುತ್ತದೆ. ಎಲುಬು ಗೊರಸಿನಿಂದ ಕಳಚಿ ಕೆಳಗೆ ಇಳಿಯುತ್ತದೆ. ಉಗುರಿನ ಕಣ್ಣಿಗೆ ಸಣ್ಣ ಸೀಳು ಹೊಕ್ಕರೆ ನಮಗೆ ಎಷ್ಟು ನೋವು? ಇಲ್ಲಿ ಉಗುರೇ ಕಳಚುತ್ತಿದೆ. ಅದರ ಮೇಲೇ ನಿಲ್ಲಬೇಕು.

ಬಾರ್ಬರೋಗೆ ಎಂಟು ತಿಂಗಳು ಚಿಕಿತ್ಸೆ ಮಾಡಿದರು. ಮುಂದೆ ಮುಂಗಾಲುಗಳಿಗೂ ಅದೇ ರೋಗ ಬಂತು. ನಿಲ್ಲಲು ಒಂದೂ ಒಳ್ಳೆಯ ಕಾಲು ಉಳಿಯಲಿಲ್ಲ. 2007ರ ಜನವರಿ 29ರಂದು ಅದಕ್ಕೆ ಇಂಜೆಕ್ಷನ್ ಕೊಟ್ಟು ಮಲಗಿಸಿದರು.

ಅಷ್ಟು ಹಣ, ಅಷ್ಟು ಡಾಕ್ಟರು, ಅಂಥ ಆಸ್ಪತ್ರೆ ಇದ್ದ ಕಡೆ ಹೀಗಾಯಿತು. ಹೆದ್ದಾರಿಯ ಬದಿಗೆ ನಿಂತ ಡಾಕ್ಟರಮ್ಮ "ಉಳಿಯೂದಿಲ್ಲ" ಎಂದಾಗ ಅದು ಮೈಗಳ್ಳತನದ ಮಾತಲ್ಲ.

ಹಾಗಾದರೆ ಎಲ್ಲ ಕುದುರೆಯೂ ಸಾಯಬೇಕೇ?

ಇಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. ಯಾಕೆಂದರೆ "ಕುದುರೆ ಕುಂಟಿತು ಅಂದ್ರ ಅದರ ಕಥಿ ಮುಗೀತು" ಎನ್ನುವವರಿದ್ದಾರೆ. ಅದು ತಪ್ಪು.

ಕುಂಟುವ ಕುದುರೆಯ ಕಾಲು ಮುರಿದೇ ಇರಬೇಕೆಂದಿಲ್ಲ. ಗೊರಸಿನೊಳಗೆ ಕೀವು ತುಂಬಿದರೂ ಕುದುರೆ ಕಾಲು ಊರುವುದಿಲ್ಲ. ನೋಡಿದರೆ ಕಾಲು ಮುರಿದ ಹಾಗೇ ಕಾಣುತ್ತದೆ. ಡಾಕ್ಟರು ಗೊರಸು ಕೆತ್ತಿ ಕೀವು ತೆಗೆದರೆ ಕೆಲವೇ ದಿನದಲ್ಲಿ ನಡೆಯುತ್ತದೆ. ಮೊಳೆ ಚುಚ್ಚಿರಬಹುದು. ನರ ಉಳುಕಿರಬಹುದು. ಮುಟ್ಟಿ ನೋಡದೆ, ಡಾಕ್ಟರಿಗೆ ತೋರಿಸದೆ ತೀರ್ಪು ಕೊಡಬಾರದು.

ನಿಜವಾಗಿ ಮುರಿದರೂ ಕೆಲವು ಉಳಿಯುತ್ತವೆ. ಮರಿ ಕುದುರೆಯ ಮೈ ಹಗುರ. ಎಲುಬು ಬೇಗ ಕೂಡುತ್ತದೆ. ಎಲುಬು ಬರೀ ಸೀಳಿದ್ದರೆ, ಜಾಗ ಬಿಟ್ಟು ಸರಿಯದಿದ್ದರೆ, ತಿಂಗಳುಗಟ್ಟಲೆ ಒಂದೇ ಕಡೆ ಕಟ್ಟಿ ಆರೈಕೆ ಮಾಡಿ ಉಳಿಸಬಹುದು. ಗೊರಸಿನ ಒಳಗಿನ ಎಲುಬು ಮುರಿದರೆ ಗೊರಸೇ ಪ್ಲಾಸ್ಟರಿನ ಕೆಲಸ ಮಾಡುತ್ತದೆ. ನಮ್ಮ ಕಡೆಯ ಸಣ್ಣ ಕುದುರೆಗೆ ದೊಡ್ಡ ರೇಸ್ ಕುದುರೆಗಿಂತ ಆಸೆ ಸ್ವಲ್ಪ ಹೆಚ್ಚು. ಭಾರ ಕಡಿಮೆ ಅಲ್ಲವೇ? ಹೆಚ್ಚಿನ ಚಿಕಿತ್ಸೆ ಬೇಕಾದರೆ ಶಿವಮೊಗ್ಗದಲ್ಲಿ ಪಶು ವೈದ್ಯರ ಕಾಲೇಜು ಇದೆ. ಆದರೆ ಎಲುಬು ಚೂರಾಗಿದ್ದರೆ, ತೊಗಲು ಹರಿದು ಹೊರಗೆ ಬಂದಿದ್ದರೆ, ಕಾಲಿನ ಮೇಲಿನ ಭಾಗದ ದೊಡ್ಡ ಎಲುಬು ಮುರಿದಿದ್ದರೆ ಉಳಿಯುವುದು ಬಹಳ ಕಷ್ಟ.

ಡಾಕ್ಟರು ಬರುವವರೆಗೆ

ಕುದುರೆಯನ್ನು ನಡೆಸಬೇಡಿ. ಬಿದ್ದಿದ್ದರೆ ಹೊಡೆದು ಎಬ್ಬಿಸಬೇಡಿ. ಅದಕ್ಕೆ ಗೊತ್ತಿರುವ ಒಬ್ಬರು ತಲೆಯ ಹತ್ತಿರ ಇರಲಿ. ಮೆಲ್ಲಗೆ ಮಾತಾಡಿಸಲಿ. ಉಳಿದವರು ದೂರ ಸರಿಯಿರಿ. ನೋವಿನಲ್ಲಿ ಅದು ಒದೆಯುತ್ತದೆ. ಬೆನ್ನ ಮೇಲಿನ ಹೇರು ಇಳಿಸಿ. ರಸ್ತೆಯಲ್ಲಿ ಬರುವ ವಾಹನಗಳಿಗೆ ದೂರದಿಂದಲೇ ಕೈ ಮಾಡಿ ನಿಲ್ಲಿಸಿ.

ಕುದುರೆ ನಿಂತಿದ್ದು ಮುಟ್ಟಲು ಬಿಟ್ಟರೆ, ಮುರಿದ ಕಾಲಿಗೆ ಕೌದಿ ದಪ್ಪಗೆ ಸುತ್ತಿ, ಮೇಲೆ ಎರಡು ದಬ್ಬೆ ಇಟ್ಟು ಕಟ್ಟಬಹುದು. ಕಾಲು ಅಲುಗಾಡುವುದು ಕಡಿಮೆ ಆದರೆ ನೋವೂ ಕಡಿಮೆ. ಬಿಡದಿದ್ದರೆ ಹಟ ಬೇಡ.

ಮನುಷ್ಯರ ನೋವಿನ ಗುಳಿಗೆ ಹಾಕಬೇಡಿ. ಡೈಕ್ಲೋಫೆನಾಕ್ ಎಂಬ ಔಷಧಿಯನ್ನು ಪ್ರಾಣಿಗಳಿಗೆ ಕೊಡುವುದನ್ನು ಸರ್ಕಾರ 2006ರಲ್ಲೇ ನಿಲ್ಲಿಸಿದೆ. ಅದನ್ನು ತಿಂದು ಸತ್ತ ದನದ ಮಾಂಸ ತಿಂದು ರಣಹದ್ದುಗಳು ಸತ್ತು ನಮ್ಮ ದೇಶದಲ್ಲಿ ಕಾಣದ ಹಾಗಾದವು.

ಫೋನ್ ಎಲ್ಲಿಗೆ ಮಾಡಬೇಕು? ಊರಿನ ಪಶು ಆಸ್ಪತ್ರೆಗೆ ಮಾಡಿ. ಇಲ್ಲವೇ 1962 ಎಂಬ ಸಂಖ್ಯೆಗೆ ಮಾಡಿ. ಅಂಕಿಗಳನ್ನು ಓದಿ ಹೇಳಿ: ಒಂದು, ಒಂಬತ್ತು, ಆರು, ಎರಡು. ಗೋಡೆಯ ಮೇಲೆ ಬರೆದಿಡಿ.

"ಪಾಪ ಬರೂದಿಲ್ಲೇನ್ರಿ?"

ಕೊನೆಗೆ ಹೆಣ್ಣುಮಗಳು ಕೇಳಿದ್ದು ಇದು.

"ಎಂಟು ವರ್ಷ ನಮ್ಮ ಮನಿ ಹೊತ್ತೈತ್ರಿ. ನನ್ನ ಮಕ್ಕಳು ಇದರ ಬೆನ್ನ ಮ್ಯಾಲ ಬೆಳದಾವು. ನಾನ ಹೂಂ ಅಂದು ಕೊಲ್ಲಿಸಿದರ ಪಾಪ ಬರೂದಿಲ್ಲೇನ್ರಿ?"

ಡಾಕ್ಟರಮ್ಮ ಕೂಡಲೇ ಉತ್ತರ ಕೊಡಲಿಲ್ಲ. ಆಮೇಲೆ ಅಂದರು. "ಇದು ಇವತ್ತ ಸಾಯ್ತೈತಿ, ಇಲ್ಲಾಂದ್ರ ಹತ್ತು ದಿನ ನರಳಿ ಸಾಯ್ತೈತಿ ಯವ್ವಾ. ಬದುಕೂ ದಾರಿ ಇದ್ದಿದ್ರ ನಾನ ನಿಮಗ ಬ್ಯಾಡ ಅಂತಿದ್ದೆ."

ಕೆಲವರು ಇಂಥ ಕುದುರೆಯನ್ನು ರಸ್ತೆಯ ಬದಿಗೆ ಬಿಟ್ಟು ಹೋಗುತ್ತಾರೆ. ನಾನು ಕೊಲ್ಲಲಿಲ್ಲ, ದೇವರು ಒಯ್ದ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ನನಗೆ ಕೇಳಿದರೆ ದೊಡ್ಡ ಪಾಪ ಅದೇ. ನೀರಿಲ್ಲದೆ, ಮೇವಿಲ್ಲದೆ, ನಾಯಿಗಳು ಸುತ್ತ ಕೂತಿರುವಾಗ ಅದು ದಿನಗಟ್ಟಲೆ ನರಳುತ್ತದೆ. ಕಾನೂನೂ ಅದನ್ನು ಒಪ್ಪುವುದಿಲ್ಲ. ಪ್ರಾಣಿಗಳ ಮೇಲೆ ಕ್ರೌರ್ಯ ಮಾಡಬಾರದು ಎಂಬ ಕಾನೂನು 1960ರಲ್ಲಿ ಬಂದಿದೆ. ಸಾಕಿದ ಪ್ರಾಣಿಯನ್ನು ಹಸಿವು, ನೀರಡಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು ಅದರ ಪ್ರಕಾರ ಅಪರಾಧ. ಮಾಲೀಕರು ಇಲ್ಲದಿದ್ದರೆ ಅಥವಾ ಒಪ್ಪದಿದ್ದರೆ ಏನು ಮಾಡಬೇಕು ಎಂಬುದೂ ಅದರಲ್ಲಿದೆ. ಕಾನ್‌ಸ್ಟೇಬಲ್‌ಗಿಂತ ಮೇಲಿನ ಪೊಲೀಸರು ಪಶು ಡಾಕ್ಟರನ್ನು ಕರೆಸಬೇಕು. ಇದನ್ನು ಬದುಕಿಸಿ ಇಡುವುದೇ ಕ್ರೌರ್ಯ ಎಂದು ಡಾಕ್ಟರು ಬರೆದು ಕೊಡಬೇಕು. ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆಯಬೇಕು. ಕಲ್ಲು ಎತ್ತಿ ಹಾಕುವುದು, ವಿಷ ಹಾಕುವುದು ಯಾರಿಗೂ ಅಪ್ಪಣೆ ಇಲ್ಲ.

ಇಂಜೆಕ್ಷನ್ ಹೇಗೆ ಕೊಡುತ್ತಾರೆ ಎಂದು ತಿಳಿದಿದ್ದರೆ ಹೆದರಿಕೆ ಕಡಿಮೆ ಆಗುತ್ತದೆ. ಮೊದಲು ಮಂಪರು ಬರುವ ಸೂಜಿ. ಕುದುರೆ ತಲೆ ಕೆಳಗೆ ಹಾಕುತ್ತದೆ. ಆಮೇಲೆ ಕುತ್ತಿಗೆಯ ರಕ್ತನಾಳಕ್ಕೆ ಬಲವಾದ ಮತ್ತಿನ ಔಷಧಿ. ಆಪರೇಷನ್ನಿಗೆ ಮತ್ತು ಕೊಡುವ ಹಾಗೆಯೇ, ಆದರೆ ಹೆಚ್ಚು ಪ್ರಮಾಣ. ಕುದುರೆಗೆ ಎಚ್ಚರ ತಪ್ಪುತ್ತದೆ. ಕೆಳಗೆ ಬೀಳುತ್ತದೆ. ಕೆಲವು ನಿಮಿಷದಲ್ಲಿ ಎದೆಯ ಬಡಿತ ನಿಲ್ಲುತ್ತದೆ. ಆಮೇಲೂ ಒಮ್ಮೆ ದೊಡ್ಡ ಉಸಿರು ಬಿಡಬಹುದು, ಕಾಲು ಅದುರಬಹುದು. ಅದು ನೋವಿನಿಂದ ಅಲ್ಲ. ಅದಕ್ಕೆ ಆಗ ಏನೂ ಗೊತ್ತಾಗುವುದಿಲ್ಲ. ಡಾಕ್ಟರು ಕಣ್ಣು ಮುಟ್ಟಿ, ಎದೆಗೆ ಕೊಳವೆ ಇಟ್ಟು ನೋಡಿ ಮುಗಿಯಿತು ಎಂದು ಹೇಳುತ್ತಾರೆ.

ಆ ಔಷಧಿ ಮಾಂಸದಲ್ಲಿ ಉಳಿಯುತ್ತದೆ. ಆ ಮಾಂಸ ತಿಂದ ನಾಯಿ, ಹದ್ದು ಸಾಯುತ್ತವೆ. ಆದ್ದರಿಂದ ಬಾವಿ, ಹಳ್ಳದಿಂದ ದೂರ ಆಳವಾದ ಗುಂಡಿ ತೋಡಿ ಹೂಳಬೇಕು.

ಅಂದು ಸಂಜೆ ಹೆಣ್ಣುಮಗಳು ಹೂಂ ಅಂದಳು. ಸೂಜಿ ಕೊಡುವ ಮೊದಲು ಕುದುರೆಗೆ ಒಂದು ಕೊಡ ನೀರು ಕುಡಿಸಿದಳು. ಕುತ್ತಿಗೆಯ ಗೆಜ್ಜೆ ಸರ ಬಿಚ್ಚಿ ಉಡಿಯಲ್ಲಿ ಕಟ್ಟಿಕೊಂಡಳು. ಊರವರು ಟ್ರ್ಯಾಕ್ಟರ್ ತಂದು ಹೊಲದ ಬದುವಿನಾಚೆ ಗುಂಡಿ ತೋಡಿದರು. ಒಬ್ಬ ಮುದುಕಿ ಹಿಡಿ ಮಣ್ಣು ಹಾಕಿ ಅರಿಶಿಣ ಕುಂಕುಮ ಚೆಲ್ಲಿದಳು.

ಮರುದಿನ ನಸುಕಿನಲ್ಲಿ ಕುರಿಮಂದೆ ಹೊರಡಬೇಕಿತ್ತು. ಹಾಸಿಗೆ, ಕೊಡ, ಗುಂಡಾಲಿ, ಜೋಳದ ಚೀಲ ರಸ್ತೆಯ ಬದಿಗೇ ಬಿದ್ದಿದ್ದವು. ಊರಿನ ಒಬ್ಬರು ಚಕ್ಕಡಿ ಹೂಡಿಕೊಂಡು ಬಂದರು. ಮುಂದಿನ ಊರಿನವರೆಗೆ ಮುಟ್ಟಿಸಿ ಬರುತ್ತೇನೆ ಎಂದರು. ಹೆಣ್ಣುಮಗಳು ಹೇರನ್ನೆಲ್ಲ ಚಕ್ಕಡಿಗೆ ಹಾಕಿದಳು. ಸಣ್ಣ ಕೂಸನ್ನು ಮಾತ್ರ ತಾನೇ ಬೆನ್ನಿಗೆ ಕಟ್ಟಿಕೊಂಡು ನಡೆದಳು.